ಇವನ ಜೊತೆ ಯಾರು ಬಂದಿದ್ದಾರೆ?

ಕಾರ್ವರ್ಸ್ ಫೆರಿ
ಫೆಬ್ರುವರಿ 18, 2024

ಪ್ರೀತಿಯ ತಮ್ಮ ಡೆಲ್ಮರ್‌ಗೆ,

ನಿನ್ನ ಕ್ರಿಸ್‌ಮಸ್ ಕಾರ್ಡ್ ಕೈಗೆ ಬಂದು ತಿಂಗಳಾಯಿತು. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಮನಸ್ಸಿನಲ್ಲೇ ಬೈದುಕೋ. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ದೊಡ್ಡ ಮಷಿನ್ ಎರಡರಲ್ಲಿ ಒಂದು ಕೆಟ್ಟು ಕೂತಿದೆ. ಎಂಬತ್ತು ಮುದುಕರ ಹಾಸಿಗೆ ಬಟ್ಟೆ ಇನ್ನೊಂದರಲ್ಲೇ ಆಗಬೇಕು. ಮನೆಗೆ ಬಂದರೆ ಕೈ ಪೆನ್ನು ಹಿಡಿಯುವುದಿಲ್ಲ ಅನ್ನುತ್ತದೆ. ಈಗ ಜೈಲಿನಲ್ಲಿ ನಮ್ಮ ಕಾಗದವನ್ನೇ ನಿಮಗೆ ಕೊಡುವುದಿಲ್ಲ, ನಕಲು ತೆಗೆದು ಕೊಡುತ್ತಾರೆ, ನೀಲಿ ಶಾಯಿ ಮೂಡುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೇ ಕಪ್ಪು ಪೆನ್ನು ತಂದಿದ್ದೇನೆ. ಒತ್ತಿ ಬರೆಯುತ್ತಿದ್ದೇನೆ.

ನಿನ್ನ ಸೋದರಳಿಯನ ವಿಷಯ ನೀನು ಕೇಳಿದ್ದೆ. ಎಮೆಟ್ ಮನೆಯಲ್ಲೇ ಇದ್ದಾನೆ, ನನ್ನ ಜೊತೆ. ಸೆಪ್ಟೆಂಬರಿನಲ್ಲಿ ಅವನು ಹಾರ್ಡ್‌ವೇರ್ ಅಂಗಡಿಯ ಹಿಂಬಾಗಿಲು ಒಡೆದು ನುಗ್ಗಿ, ಗೋಡೆಯ ಮೇಲಿದ್ದ ಹೊಗೆ ಅಲಾರಂಗಳನ್ನೆಲ್ಲ ಕಿತ್ತು ಬಕೆಟ್ ನೀರಿನಲ್ಲಿ ಮುಳುಗಿಸಿದ್ದು ನಿನಗೆ ಗೊತ್ತಲ್ಲ. ಅವು ಕದ್ದು ಕೇಳುತ್ತಿವೆ ಅಂತ. ಹಿಡಿಯಲು ಬಂದ ಪೊಲೀಸಿನವನ ಕೈ ತಿರುಚಿದ. ಥೇಟ್ ನಿನ್ನ ಕಥೆಯೇ. ನೀನು ಪಾದ್ರಿಯ ಮನೆಗೆ ನುಗ್ಗಿ ರೇಡಿಯೋ ಒಡೆದೆ, ಇವನು ಅಂಗಡಿಗೆ ನುಗ್ಗಿ ಅಲಾರಂ ಕಿತ್ತ. ನಿನಗೆ ಆಗ ಇಪ್ಪತ್ತಮೂರು, ಇವನಿಗೆ ಇಪ್ಪತ್ತೆರಡು.

ಆದರೆ ನಿನ್ನ ಕಾಲದಲ್ಲಿ ಇಲ್ಲದ್ದು ಒಂದು ಈಗ ನಮ್ಮೂರಲ್ಲಿ ಇದೆ. ಮನಸ್ಸಿನ ಕಾಯಿಲೆಯವರಿಗೇ ಅಂತ ಬೇರೆ ಕೋರ್ಟು. ತಿಂಗಳಿಗೊಂದು ಇಂಜೆಕ್ಷನ್, ವಾರಕ್ಕೊಮ್ಮೆ ಡಾಕ್ಟರು, ಹದಿನೈದು ದಿನಕ್ಕೊಂದು ಗುರುವಾರ ಜಡ್ಜ್ ಮುಂದೆ ಹಾಜರಿ. ಒಂದು ವರ್ಷ ಹೀಗೆ ನಡೆದರೆ ಕೇಸು ಅಳಿಸಿ ಹಾಕುತ್ತಾರೆ. ತಪ್ಪಿದರೆ ಜೈಲು. ಅಕ್ಟೋಬರಿನಿಂದ ಹೋಗುತ್ತಿದ್ದಾನೆ. ನಾನೂ ಗುರುವಾರದ ಪಾಳಿ ಬದಲಾಯಿಸಿಕೊಂಡು ಹೋಗುತ್ತೇನೆ, ಹಿಂದೆ ಕೂರುತ್ತೇನೆ.

ಅಲ್ಲಿ ಚಪ್ಪಾಳೆ ತಟ್ಟುತ್ತಾರೆ ಕಣೋ. ಕೋರ್ಟಿನಲ್ಲಿ. ಒಬ್ಬ ಇಂಜೆಕ್ಷನ್ ತಪ್ಪಿಸಲಿಲ್ಲ ಅಂದರೆ ಚಪ್ಪಾಳೆ, ಇನ್ನೊಬ್ಬಳು ದಿನಾ ಸ್ನಾನ ಮಾಡಿದಳು ಅಂದರೆ ಚಪ್ಪಾಳೆ. ಜಡ್ಜ್ ಹೆಸರು ಹಾಲಿಂಗರ್, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಕತ್ತಿಗೆ ಸರಪಳಿ ಹಾಕಿದ ಕನ್ನಡಕ. ಆ ಮಹಾತಾಯಿ ಮೊದಲು ತಟ್ಟುತ್ತಾಳೆ, ಆಮೇಲೆ ವಕೀಲರು, ಆಮೇಲೆ ಬಾಗಿಲಲ್ಲಿ ನಿಂತ ಪೊಲೀಸಿನವನೂ. ನನ್ನ ಮಗ ಆಗ ಹೇಗೆ ನಗುತ್ತಾನೆ ಅಂದರೆ, ಆ ನಗು ನಾನು ಅವನ ಎಂಟನೇ ವಯಸ್ಸಿನ ನಂತರ ನೋಡಿರಲಿಲ್ಲ. ಗುರುವಾರಕ್ಕೆ ಅಂತ ಬುಧವಾರವೇ ಅಂಗಿಗೆ ಇಸ್ತ್ರಿ ಹಾಕಿಡುತ್ತಾನೆ. ನನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಪೈಜಾಮದಲ್ಲಿ ಬಂದು ಕೇಕು ತಿಂದು ಹೋಗಿದ್ದ.

ಮೊನ್ನೆ ಆಕೆ ಕೇಳಿದಳು, "ಈ ಹದಿನೈದು ದಿನ ಹೇಗಿತ್ತಪ್ಪಾ ಎಮೆಟ್?"

"ಪರವಾಗಿಲ್ಲ ಮೇಡಂ. ಅವಳು ಈಗ ಕಡಿಮೆ ಮಾತಾಡ್ತಾಳೆ."

"ಯಾರು, ನಡೀನಾ?"

"ಹೂಂ. ಬರೀ ಬೆಳಿಗ್ಗೆ ಹೊತ್ತು, ಹಲ್ಲುಜ್ಜೋವಾಗ."

ಇಬ್ಬರೂ ಪಕ್ಕದ ಮನೆಯವಳ ಬಗ್ಗೆ ಮಾತಾಡಿದ ಹಾಗೆ ಮಾತಾಡಿದರು. ನಡೀನ್ ಅಂದರೆ ಅವನ ಕಿವಿಯಲ್ಲಿ ಮಾತಾಡುವವಳಂತೆ. ಅವಳಿಗೆ ಒಂದು ಹೆಸರಿದೆ ಅನ್ನುವುದು ನನಗೆ ಗೊತ್ತಾಗಿದ್ದು ಅವತ್ತು, ಮೂವತ್ತು ಜನ ಅಪರಿಚಿತರ ಮಧ್ಯೆ ಕೂತು. ಆರು ವರ್ಷ ಅವನ ಬಾಗಿಲ ಮುಂದೆ ನಿಂತು, ಏನು ಕೇಳಿಸುತ್ತದೆ ಹೇಳೋ ಕಂದ ಅಂತ ಗೋಗರೆದವಳು ನಾನು. ಹೇಳಿದ್ದು ಆಕೆಗೆ. ಹೊಟ್ಟೆ ಉರಿಯಿತು ಡೆಲ್ಮರ್, ನಿಜ ಹೇಳುತ್ತೇನೆ. ಉರಿದೇ ಉರಿಯಿತು.

ಇನ್ನೊಂದು ಪದ್ಧತಿ ಇದೆ ಅಲ್ಲಿ. ಪ್ರತಿಯೊಬ್ಬರ ಸರದಿಯಲ್ಲೂ ಆಕೆ ತಲೆ ಎತ್ತಿ, "ಇವನ ಜೊತೆ ಯಾರು ಬಂದಿದ್ದಾರೆ?" ಅಂತ ಕೇಳುತ್ತಾಳೆ. ಬಂದವರು ಎದ್ದು ನಿಲ್ಲಬೇಕು. ಅಜ್ಜಿ, ಹೆಂಡತಿ, ಚರ್ಚಿನವರು, ಯಾರೋ ಒಬ್ಬರು ಎದ್ದು ನಿಲ್ಲುತ್ತಾರೆ. ಮೊದಲ ದಿನ ಎಮೆಟ್‌ನ ಸರದಿ ಬಂದಾಗ ನಾನು ಏಳಲಿಲ್ಲ. ಆಕೆ ಒಂದು ಕ್ಷಣ ಕಾದು ಏನೋ ಗೀಚಿಕೊಂಡಳು. ಕಾರಿನಲ್ಲಿ ಅವನು ಕೇಳಿದ, "ಯಾಕಮ್ಮಾ ಎದ್ದು ನಿಲ್ಲಲಿಲ್ಲ?" ಮಂಡಿ ಹಿಡಿದುಕೊಂಡಿತ್ತು ಕಣೋ ಅಂದೆ. ಎರಡನೇ ಸಲವೂ ಮಂಡಿ ಅಂದೆ. ಮೂರನೇ ಸಲ ಅವನು ಕೇಳಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಒಮ್ಮೆ ಗುಮಾಸ್ತೆ ಬಂದು "ನಿಮ್ಮವರು ಯಾರಮ್ಮ?" ಅಂದರೆ, "ಸುಮ್ಮನೆ ನೋಡೋಕೆ ಬಂದೆ" ಅಂದುಬಿಟ್ಟೆ. ಅಲ್ಲ, ಆಕೆ ಕರೆದಾಗ ನಾನು ಏಳಬೇಕೇ? ಇಪ್ಪತ್ತೆರಡು ವರ್ಷದಿಂದ ನಿಂತೇ ಇದ್ದೇನೆ ನಾನು.

ಚಳಿ ಜಾಸ್ತಿ, ಕಾಲುಚೀಲ ಎರಡು ಹಾಕಿಕೋ. ದೇವರು ನಿನ್ನ ಪಕ್ಕದಲ್ಲಿರಲಿ.

ನಿನ್ನ ಅಕ್ಕ
ಅರ್ಡಿತ್

ತಾ.ಕ.: ಮಂಡಿ ಈಗ ಪರವಾಗಿಲ್ಲ.


ಕಾರ್ವರ್ಸ್ ಫೆರಿ
ಜೂನ್ 23, 2024

ನನ್ನ ಡೆಲ್ಮರ್,

ಈ ಸಲ ತಡವಾಗಿದ್ದು ಮಷಿನ್‌ನಿಂದ ಅಲ್ಲ, ನಾಚಿಕೆಯಿಂದ. ನಿನ್ನ ಎರಡು ಕಾಗದಕ್ಕೂ ಸೇರಿಸಿ ಇದು ಉತ್ತರ.

"ಅಕ್ಕ, ಅವನಿಗೆ ಚಪ್ಪಾಳೆ ಸಿಗಲಿ ಬಿಡು" ಅಂತ ಬರೆದೆ. ಒಳಗೆ ಕೂತ ನೀನು ಇಷ್ಟು ದೊಡ್ಡ ಮನಸ್ಸು ಮಾಡುತ್ತೀಯ, ಹೊರಗಿರುವ ನನಗೆ ಆಗುತ್ತಿಲ್ಲ ನೋಡು. ಅದೇ ಕಾಗದದಲ್ಲಿ ಇನ್ನೊಂದು ಸಾಲು ಇತ್ತು: "ನನಗೆ ಶಿಕ್ಷೆಯಾದ ದಿನ ನಿನ್ನ ಕಾರು ಕೆಡದೇ ಇದ್ದಿದ್ದರೆ ನನಗೂ ಒಬ್ಬರು ಎದ್ದು ನಿಲ್ಲುತ್ತಿದ್ದರು." ಅದನ್ನು ಓದಿ ಕಾಗದ ಮಡಚಿ ಡ್ರಾಯರಿಗೆ ಹಾಕಿದೆ. ಅದರ ಬಗ್ಗೆ ಈಗ ಬೇಡ.

ಏಪ್ರಿಲ್‌ನಲ್ಲಿ ನಾನೂ ಒಂದು ಪ್ರಯತ್ನ ಮಾಡಿದೆ. ಒಂದು ಸಂಜೆ ಎಮೆಟ್ ಊಟ ಮಾಡಿ, ತಾನಾಗಿಯೇ ತಟ್ಟೆ ತೊಳೆದಿಟ್ಟ. ನಾನು ಅಡುಗೆಮನೆಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಅವನು ಒದ್ದೆ ಕೈಯಲ್ಲೇ ನಿಂತುಬಿಟ್ಟ.

"ತಟ್ಟಬೇಡಮ್ಮ."

"ಯಾಕೆ, ನನ್ನ ಕೈಯಲ್ಲಿ ಸದ್ದು ಬರಲ್ವಾ?"

"ಬರತ್ತೆ. ಅವರು ತಟ್ಟಿದ್ರೆ ಅಲ್ಲಿಗೆ ಮುಗೀತು ಅಂತ ಗೊತ್ತಾಗತ್ತೆ. ನೀನು ತಟ್ಟಿದ್ರೆ, ಆಮೇಲೆ ಇನ್ನೇನೋ ಕೇಳ್ತೀಯ ಅನ್ಸತ್ತೆ."

ನಾನು ಏನು ಕೇಳುತ್ತಿದ್ದೆ ಹೇಳು? ಒಂದು ಮಾತು ಕೇಳುತ್ತಿದ್ದೆ, ಅಷ್ಟೇ. ಅಮ್ಮ, ನೀನು ಇದ್ದೆ ಅನ್ನುವ ಮಾತು.

ಈ ವರ್ಷ ಅವನ ಹುಟ್ಟುಹಬ್ಬ ಗುರುವಾರ ಬಂತು, ಅದೂ ಕೋರ್ಟಿನ ಗುರುವಾರ. ಕೆರೆಗೆ ಹೋಗೋಣ, ಮೀನು ಹಿಡಿಯೋಣ ಅಂದೆ. "ಕೋರ್ಟು ಮುಗಿಸಿ ಹೋಗೋಣ. ಜಡ್ಜ್ ನನ್ನ ಹುಟ್ಟುಹಬ್ಬ ನೆನಪಿಟ್ಕೊಂಡಿದಾರೆ ಗೊತ್ತಾ, ಹೋದ ಸಲ ಅವರೇ ಹೇಳಿದ್ರು" ಅಂದ. ಹೇಳುವಾಗ ಮುಖದಲ್ಲಿ ಏನು ಕಳೆ. ಹತ್ತೊಂಬತ್ತು ಗಂಟೆ ನೋವು ತಿಂದು ಹೆತ್ತ ದಿನ ಅದು ನನಗೆ. ಆಕೆಗೆ ಕಡತದಲ್ಲಿರುವ ಒಂದು ತಾರೀಕು.

ಇದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ. ಬುಧವಾರ ನಾನು ಅವನಿಗೆ, ಕೋರ್ಟಿನಿಂದ ಫೋನ್ ಬಂದಿತ್ತು, ಈ ವಾರ ಇಲ್ಲವಂತೆ, ಮುಂದಿನ ವಾರವಂತೆ ಅಂದೆ. ಅವನು ಇಸ್ತ್ರಿ ಹಾಕಿದ ಅಂಗಿಯನ್ನು ಮತ್ತೆ ಹ್ಯಾಂಗರಿಗೆ ಹಾಕಿದ. ಒಂದು ಪ್ರಶ್ನೆ ಕೇಳಲಿಲ್ಲ. ಇಡೀ ಜಗತ್ತೇ ಕದ್ದು ಕೇಳುತ್ತಿದೆ ಅನ್ನುವ ಹುಡುಗ, ನನ್ನ ಮಾತು ನಂಬಿದ.

ಗುರುವಾರ ನಾವು ಕೆರೆಗೆ ಹೋದೆವು. ಒಂಬತ್ತು ಮೀನು ಸಿಕ್ಕವು. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಅಲ್ಲೇ ಕರಿದೆ, ಪೀಚ್ ಹಣ್ಣಿನ ಪೈ ಮಾಡಿಕೊಂಡು ಹೋಗಿದ್ದೆ. ಅವನು ನೀರಿಗೆ ಕಾಲು ಇಳಿಬಿಟ್ಟು ನಡೀನ್ ಬಗ್ಗೆ ನನಗೂ ಹೇಳಿದ. ಅವಳು ಬೈಯುವುದಿಲ್ಲವಂತೆ, ಬರೀ ಎಣಿಸುತ್ತಾಳಂತೆ, ಎಣಿಕೆ ಎಲ್ಲಿಗೆ ಮುಟ್ಟುತ್ತದೋ ಅಂತ ಇವನಿಗೆ ಭಯವಂತೆ. ಅಷ್ಟು ಸಂತೋಷವಾದ ದಿನ ನನಗೆ ಬಹಳ ವರ್ಷದಿಂದ ಇರಲಿಲ್ಲ. ಗೆದ್ದೆ ಅಂದುಕೊಂಡೆ.

ಶನಿವಾರ ಪೊಲೀಸಿನವರು ಬಂದು ಕರೆದುಕೊಂಡು ಹೋದರು. ಹಾಜರಾಗದವರಿಗೆ ವಾರಂಟು ಹೊರಡುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಅಷ್ಟು ಬೇಗ ಹೊರಡುತ್ತದೆ ಅಂತ ಗೊತ್ತಿರಲಿಲ್ಲ. ಎರಡು ರಾತ್ರಿ ಇದ್ದ, ನೀನಿದ್ದ ಅದೇ ಹಳೇ ಕಟ್ಟಡದಲ್ಲಿ. ಸೋಮವಾರ ಆಕೆಯ ಮುಂದೆ ನಿಲ್ಲಿಸಿದರು. ಅಂಗಿ ಮುದುರಿತ್ತು.

"ಯಾಕೆ ಬರಲಿಲ್ಲ ಎಮೆಟ್?"

ಅವನು ನನ್ನ ಕಡೆ ತಿರುಗಲೇ ಇಲ್ಲ. "ಮರೆತುಬಿಟ್ಟೆ ಮೇಡಂ."

ಆಕೆಯ ಮುಖ ಬಾಡಿತು. ಆ ಜಾಗದಲ್ಲಿ ನಾನಿದ್ದಿದ್ದರೆ ರೇಗುತ್ತಿದ್ದೆ, ಆಕೆ ರೇಗಲಿಲ್ಲ, ಅದೇ ನನಗೆ ಇನ್ನೂ ಚುಚ್ಚಿತು. "ತಾರೀಕು ನೆನಪಿಸೋರು ಮನೇಲಿ ಯಾರೂ ಇಲ್ವಾ? ಇವನ ಜೊತೆ ಯಾರು ಬಂದಿದ್ದಾರೆ?" ಅಂದಳು. ನಾನು ಕೊನೆಯ ಬೆಂಚಿನಲ್ಲಿದ್ದೆ. ಏಳಲಿಲ್ಲ. ಆಕೆ ಆಮೇಲೆ, ಇನ್ನು ಮೇಲೆ ಬುಧವಾರ ಇವನಿಗೆ ಕೋರ್ಟಿನಿಂದಲೇ ಫೋನ್ ಮಾಡಬೇಕು ಅಂತ ಹೇಳಿ ಬಿಟ್ಟುಕಳಿಸಿದಳು.

ಮನೆಗೆ ಬಂದೆವು. ಕಾರು ನಿಲ್ಲಿಸಿದ ಮೇಲೆ ಹೇಳಿದ, "ಮೀನು ಚೆನ್ನಾಗಿತ್ತಮ್ಮ."

ನೀನು ನನಗೆ ಬೈದು ಬರಿ. ಬೇಕಾಗಿದೆ.

ನಿನ್ನ
ಅರ್ಡಿತ್


ಕಾರ್ವರ್ಸ್ ಫೆರಿ
ಅಕ್ಟೋಬರ್ 20, 2024

ಪ್ರೀತಿಯ ಡೆಲ್ಮರ್,

ಬೈದು ಬರಿ ಅಂದರೆ ನೀನು ಮೂರು ಪುಟ ಸಮಾಧಾನ ಬರೆದೆ. ಅದಕ್ಕೆ ಉತ್ತರ ಕೊಡಲಾಗದೆ ನಾಲ್ಕು ತಿಂಗಳು ಕಳೆದೆ. ಕ್ಷಮಿಸು. ಹೇಳಬೇಕಾದ್ದು ಬಹಳ ಇದೆ, ಒಂದೊಂದಾಗಿ ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಳು, ಹೆಸರು ಟೆಸ್ಸಾ. ಈ ಕೋರ್ಟಿನಿಂದ ನಿಜವಾಗಿ ಉಪಯೋಗ ಆಗುತ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಿದ್ದಾರಂತೆ. ಎಮೆಟ್ ಒಪ್ಪಿ ಸಹಿ ಹಾಕಿಕೊಟ್ಟಿದ್ದ. ಮನೆಯಲ್ಲಿ ಜೊತೆಗಿರುವವರನ್ನು ಕೇಳಬೇಕು ಅಂತ ಬಂದಿದ್ದಳು. ಕಾಫಿ ಕೊಟ್ಟೆ. ಕಾಗದ ಬಿಚ್ಚಿ, "ನೀವು ಎಮೆಟ್‌ಗೆ ಮನೆ ಬಾಡಿಗೆಗೆ ಕೊಟ್ಟಿರೋರಾ?" ಅಂದಳು.

"ಹೆತ್ತಿರೋಳು" ಅಂದೆ.

ಅವಳಿಗೆ ಗಾಬರಿಯಾಯಿತು. "ಕ್ಷಮಿಸಿ ಅಮ್ಮ. ಕೋರ್ಟಿಗೆ ಬರೋ ಕುಟುಂಬ ಅನ್ನೋ ಕಡೆ 'ಇಲ್ಲ' ಅಂತಿದೆ. ಪ್ರತಿ ಸಲಾನೂ ಇಲ್ಲ ಅಂತಲೇ ಇದೆ." ಆಮೇಲೆ ನನ್ನನ್ನು ಸಮಾಧಾನ ಮಾಡಲು ಹೇಳಿದಳು, "ಒಂದ್ ರೀತೀಲಿ ಒಳ್ಳೇದೇ. ಮನೆಯವರ ಬೆಂಬಲ ಇಲ್ದೇನೂ ಈ ಕೋರ್ಟು ಕೆಲಸ ಮಾಡತ್ತೆ ಅನ್ನೋಕೆ ನಿಮ್ಮ ಮಗ ಒಂದು ಉದಾಹರಣೆ."

ನನಗೆ ಏನಾಗಿರಬೇಡ. ಅಷ್ಟೂ ಗುರುವಾರ ಆ ಗಟ್ಟಿ ಬೆಂಚಿನ ಮೇಲೆ ಕೂತವಳು ನಾನು. ಪುಸ್ತಕದಲ್ಲಿ ಹೆಸರು ಆ ಜಡ್ಜ್ ಮಹಾತಾಯಿಯದು.

ಜೈಲಿನಲ್ಲಿ ಕಳೆದ ದಿನ ಅನ್ನುವ ಕಡೆ ಎರಡು ಅಂತ ಬರೆದಿತ್ತು. ಕೋರ್ಟು ಪೂರ್ತಿ ಫಲ ಕೊಟ್ಟಿಲ್ಲ ಅನ್ನುವುದಕ್ಕೆ ಆ ಎರಡು ದಿನವನ್ನೇ ಹಿಡಿಯುತ್ತಾರಂತೆ. "ಅದು ಕೋರ್ಟಿನ ತಪ್ಪಲ್ಲ, ಅವನ ತಪ್ಪೂ ಅಲ್ಲ. ನಾನು ಸುಳ್ಳು ಹೇಳಿ ತಪ್ಪಿಸಿದ್ದು" ಅಂದೆ. ಹೇಳಿದೆ ಡೆಲ್ಮರ್, ಬಾಯಿಬಿಟ್ಟು ಹೇಳಿದೆ. ಅವಳು ಕಾಗದದ ಪುಟ ಹಿಂದೆ ಮುಂದೆ ತಿರುವಿ ನೋಡಿದಳು. "ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಮ್ಮ" ಅಂದಳು.

ಹೊರಡುವಾಗ ನಾನು ಸುಮ್ಮನಿರಲಾರದೆ ಕೇಳಿದೆ, ಉಪಯೋಗ ಆಯಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ನಿಮಗೆ ಅಂತ. ಅವಳು ಬಿಡಿಸಿ ಹೇಳಿದಳು. ಈ ಕೋರ್ಟು ಶುರುವಾಗುವ ಮೊದಲಿನ ಹಳೇ ಕಡತ ತೆಗೆದು, ಇಲ್ಲಿನ ಒಬ್ಬೊಬ್ಬರಿಗೂ ಅಂಥದೇ ಒಬ್ಬ ಜೋಡಿ ಹುಡುಕುತ್ತಾರಂತೆ. ಅದೇ ವಯಸ್ಸು, ಅದೇ ಕಾಯಿಲೆ, ಅದೇ ತರಹದ ಅಪರಾಧ, ಮನೆಯವರು ಬರುತ್ತಿದ್ದರೋ ಇಲ್ಲವೋ, ಎಲ್ಲ ಹೊಂದಿಸಿ. ಆ ಜೋಡಿ ಎಷ್ಟು ವರ್ಷ ಒಳಗಿದ್ದ, ಇವನು ಎಷ್ಟು ದಿನ ಒಳಗಿದ್ದ ಅಂತ ಅಕ್ಕಪಕ್ಕ ಇಟ್ಟು ನೋಡುತ್ತಾರಂತೆ.

"ಎಮೆಟ್ ಜೋಡಿ ಯಾರು?"

"ಹೆಸರು ನಮಗೂ ಗೊತ್ತಿರಲ್ಲ ಅಮ್ಮ."

"ಅವನಿಗೂ ಮನೆಯವರು ಇಲ್ವಂತಾ?"

"ಕಡತದಲ್ಲಿ ಇಲ್ಲ ಅಂತಿದ್ರೆ, ನಮ್ಮ ಲೆಕ್ಕದಲ್ಲೂ ಇಲ್ಲ."

ಈ ಚಿಕ್ಕ ಊರಲ್ಲಿ, ಆ ವಯಸ್ಸಿಗೆ, ಆ ಕಾಯಿಲೆಗೆ, ಬಾಗಿಲು ಒಡೆದವರು ನಿನ್ನನ್ನು ಬಿಟ್ಟು ಎಷ್ಟು ಜನ ಇದ್ದಾರು? ಅವಳು ಹೋದ ಮೇಲೆ ಅವಳ ಕಪ್ಪನ್ನು ಎರಡೆರಡು ಸಲ ತೊಳೆದೆ. ಅಲ್ಲಿಯವರೆಗೆ ನನಗೆ ಆ ಜಡ್ಜ್ ಒಬ್ಬಳ ಮೇಲೇ ಹೊಟ್ಟೆಯುರಿ ಅಂದುಕೊಂಡಿದ್ದೆ. ಅವತ್ತು ಗೊತ್ತಾಯಿತು, ನನಗೆ ನನ್ನ ಮಗನ ಮೇಲೂ ಹೊಟ್ಟೆಯುರಿ. ಹೆತ್ತ ಮಗನ ಮೇಲೆ. ಅವನಿಗೆ ಎರಡು ರಾತ್ರಿ, ನಿನಗೆ ಮೊದಲು ಆರು ವರ್ಷ, ಆಮೇಲೆ ಒಳಗೆ ಔಷಧಿಯಿಲ್ಲದೆ ಕಾವಲಿನವನ ಮೇಲೆ ಕೈ ಮಾಡಿದೆ ಅಂತ ಇನ್ನೂ ಹದಿನೇಳು. ಅವನಿಗೆ ಚಪ್ಪಾಳೆ, ನಿನಗೆ ಒಬ್ಬರೂ ಇಲ್ಲ.

ಮೊನ್ನೆ ಹದಿನೇಳಕ್ಕೆ ಎಮೆಟ್‌ಗೆ ವರ್ಷ ತುಂಬಿತು. ಕೊನೆಯ ಗುರುವಾರ. ಅವನು ಇಸ್ತ್ರಿ ಹಾಕುವಾಗ ನನ್ನ ಕೋಟನ್ನೂ ತೆಗೆದುಕೊಂಡು ಹಾಕಿಕೊಟ್ಟ, ಏನೂ ಹೇಳಲಿಲ್ಲ. ಕೇಸು ಅಳಿಸಿದ ಕಾಗದ ಓದಿದರು. ಆಕೆ ರೂಢಿಯಂತೆ ತಲೆ ಎತ್ತಿ, "ಇವನ ಜೊತೆ ಯಾರು ಬಂದಿದ್ದಾರೆ?" ಅಂದಳು. ಯಾರೂ ಇಲ್ಲ ಅಂತ ಗೊತ್ತಿದ್ದವಳ ಹಾಗೆ ಆಗಲೇ ಪೆನ್ನು ಕೆಳಗಿಟ್ಟಿದ್ದಳು.

ಎದ್ದು ನಿಂತೆ. ಮುಂದಿನ ಬೆಂಚು ಹಿಡಿದುಕೊಂಡು ನಿಂತೆ.

ಆಕೆ ಕನ್ನಡಕ ತೆಗೆದಳು. "ನೀವು ಪ್ರತಿ ಸಲ ಇಲ್ಲಿ ಕೂತಿರ್ತೀರಿ. ನೀವು ಯಾರು?"

ನನಗಿಂತ ಮೊದಲೇ ಎಮೆಟ್ ಹೇಳಿದ, "ನಮ್ಮಮ್ಮ. ಒಂದು ಗುರುವಾರ ಬಿಟ್ಟು ಎಲ್ಲಾ ಗುರುವಾರ ಬಂದಿದಾಳೆ. ಅವತ್ತು ನಾನೂ ಬಂದಿರಲಿಲ್ಲ."

ಅವನು ಎಣಿಸಿದ್ದ ಡೆಲ್ಮರ್. ಅಷ್ಟೂ ಸಲ ನಾನು ಏಳದಿದ್ದದ್ದನ್ನು ನೋಡಿ, ನನ್ನನ್ನು ತೋರಿಸದೆ, ಎಣಿಸುತ್ತ ಬಂದಿದ್ದ. ಆಕೆ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು, ನನಗೆ. ಅದು ಎಷ್ಟು ಹಿತವಾಗಿರುತ್ತದೆ ಅಂತ ಅವತ್ತು ತಿಳಿಯಿತು, ಅದಕ್ಕೇ ನಿಲ್ಲಲಾರದೆ ಕೂತುಬಿಟ್ಟೆ. ಹೊರಗೆ ಬಂದಾಗ ಆಕೆಯನ್ನು ನೋಡಿ ಒಂದು ಥ್ಯಾಂಕ್ಸ್ ಅಂದೆ. ಪೂರ್ತಿ ಮನಸ್ಸಿನಿಂದ ಅಲ್ಲ, ಮುಕ್ಕಾಲು ಮನಸ್ಸಿನಿಂದ.

ಡಿಸೆಂಬರ್ ಹನ್ನೆರಡಕ್ಕೆ ನಿನ್ನ ಬಿಡುಗಡೆಯ ವಿಚಾರಣೆ ಅಂತ ಬರೆದಿದ್ದೀಯ. ಹೊರಗೆ ಬಂದರೆ ಯಾರ ಮನೆಗೆ ಹೋಗುತ್ತೀಯ ಅಂತ ಕೇಳುತ್ತಾರೆ, ಯಾರ ಹೆಸರು ಕೊಡಲಿ ಅಂತ ಕೇಳಿದ್ದೀಯ. ಎಮೆಟ್ ಪಕ್ಕದ ಕೋಣೆ ಖಾಲಿ ಮಾಡಿ, ಅಲ್ಲಿದ್ದ ರೇಡಿಯೋವನ್ನು ತಾನೇ ಹೊರಗೆ ತೆಗೆದಿಟ್ಟ. "ಮಾವನಿಗೆ ಆಗಲ್ಲ ಅಲ್ವಾ" ಅಂದ.

ನೀನು ಚೆನ್ನಾಗಿರು. ಊಟ ಬಿಡಬೇಡ. ಇನ್ನು ಮುಂದೆ ನೀನು ಒಳ್ಳೆಯವರ ಕಣ್ಣಿಗೆ ಬೀಳುವ ಹಾಗೆ ದೇವರು ಮಾಡಲಿ.

ನಿನ್ನ ಅಕ್ಕ
ಅರ್ಡಿತ್

ತಾ.ಕ.: ನನ್ನ ಹೆಸರು ಕೊಡುವ ಮೊದಲು ಇದನ್ನು ಓದು. ಅವತ್ತು, ನಿನಗೆ ಶಿಕ್ಷೆಯಾದ ಆ ಮಾರ್ಚ್ ತಿಂಗಳಲ್ಲಿ, ನನ್ನ ಕಾರು ಕೆಟ್ಟಿರಲಿಲ್ಲ. ನಾನು ಕೋರ್ಟಿನಲ್ಲೇ ಇದ್ದೆ, ಕೊನೆಯ ಬೆಂಚಿನಲ್ಲಿ, ಅಮ್ಮನ ಹಸಿರು ಕೋಟು ಹಾಕಿಕೊಂಡು. ಎಮೆಟ್ ಹೊಟ್ಟೆಯಲ್ಲಿದ್ದ, ನನಗೆ ಆರು ತಿಂಗಳು. ಆ ಮುದುಕ ಜಡ್ಜ್ ಕೇಳಿದ, "ಇವನನ್ನ ಮನೆಗೆ ಕರ್ಕೊಂಡು ಹೋಗಿ ನೋಡಿಕೊಳ್ಳೋರು ಯಾರಾದ್ರೂ ಇದ್ದೀರಾ? ಇದ್ರೆ ಆಸ್ಪತ್ರೆಗೆ ಬರೆದುಕೊಡ್ತೀನಿ." ಎರಡು ಸಲ ಕೇಳಿದ. ಹುಟ್ಟುವ ಕೂಸಿರುವ ಮನೆಯಲ್ಲಿ ನೀನಿದ್ದರೆ ಅಂತ ನನಗೆ ಭಯವಾಯಿತು. ನಾನು ಏಳಲಿಲ್ಲ. ನೀನು ಮೂರು ಸಲ ತಿರುಗಿ ನೋಡಿದೆ. ಬೆಂಚುಗಳನ್ನು ನೋಡಲಿಲ್ಲ, ಬಾಗಿಲನ್ನು ನೋಡಿದೆ, ನಾನು ಇನ್ನೂ ದಾರಿಯಲ್ಲಿದ್ದೇನೆ ಅಂತ.